ಇಪ್ಪತ್ತರಿಂದ ಅರವತ್ತಕ್ಕೆ

ಕಾಕ್ಕನಾಡ್, ಕೊಚ್ಚಿ
12 ಜೂನ್ 2025

ಮಾನ್ಯ ಹರಿನಾರಾಯಣ ಅವರಿಗೆ ನಮಸ್ಕಾರ.

ಇ-ಮೇಲ್‌ನಲ್ಲಿ ನಾನು ಕನ್ನಡದಲ್ಲಿ ನಾಲ್ಕು ಸಾಲು ಬರೆದದ್ದಕ್ಕೆ ನೀವು ಕೊಟ್ಟ ಉತ್ತರ ಓದಿ ಮೊದಲು ಸಿಟ್ಟು ಬಂತು. “ಈಗ ಯಂತ್ರಗಳೂ ಸೊಗಸಾದ ಕನ್ನಡ ಬರೆಯುತ್ತವೆ. ನೀವು ಮನುಷ್ಯರೇ ಆಗಿದ್ದರೆ ಕೈಯಲ್ಲಿ ಬರೆದು ಅಂಚೆಗೆ ಹಾಕಿ” ಎಂದಿರಿ. ಎರಡು ದಿನ ಬಿಟ್ಟು ಯೋಚಿಸಿದೆ. ಕೋಡ್ ಕಳಿಸಲು ಮೂರು ವಾರದ ಹಿಂದೆ ತೆರೆದ ಖಾತೆ, ಯಾರೂ ಕೇಳಿರದ ಹೆಸರು, ಜೊತೆಗೆ ಕೋಡ್ ಪರಿಶೀಲಿಸುವ ನೀವು ಕಾಸರಗೋಡಿನ ಕನ್ನಡಿಗರೆಂದು ಪತ್ತೆಮಾಡಿ ನಿಮ್ಮ ಭಾಷೆಯಲ್ಲೇ ಮಾತಾಡಿಸುವ ಹೆಂಗಸು. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ಅನುಮಾನಪಡುತ್ತಿದ್ದೆ. ಹಾಗಾಗಿ ಇಗೋ ಅಂಚೆ.

ನಾನು ಮೈಸೂರಿನವಳು, ನಲವತ್ನಾಲ್ಕು ವಯಸ್ಸು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕೈಬರಹ ನೋಡಿದರೇ ನಿಮಗೆ ಗೊತ್ತಾಗುತ್ತದೆ. ಗಂಡ ಗುರುಕಿರಣ್ ಪಾಲಾರಿವಟ್ಟದಲ್ಲಿ ಬ್ಯಾಂಕಿನವರು. ಮಗಳು ಇಂಚರಾ ಈಗಷ್ಟೇ ಬಂದು ಹಾಳೆ ನೋಡಿ, “ಇದೆಂದಾ ಅಮ್ಮಾ, ಲವ್ ಲೆಟರಾಣೋ?” ಎಂದು ನಕ್ಕು ಹೋದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಡುವುದು ಮಲಯಾಳದಲ್ಲೇ.

ನಿಮ್ಮ ಕೋಡಿಗೆ ನಾನು ಕಳಿಸಿದ ತಿದ್ದುಪಡಿಯ ಪ್ಯಾಚ್ ಒಂದೇ ಒಂದು ಸಾಲಿನದು. ಮೀನುಗಾರರ ದೋಣಿಗಳಲ್ಲಿ ನಮ್ಮ ಕಂಪನಿಯ ಒಂದು ಪೆಟ್ಟಿಗೆ ಇರುತ್ತದೆ. ಅಪಾಯವಾದಾಗ ಅದರ ಕೆಂಪು ಬಟನ್ ಒತ್ತಿದರೆ, ಪೆಟ್ಟಿಗೆಯ ಮೂಲ ಸಾಫ್ಟ್‌ವೇರ್ ಆದ ಕರ್ನೆಲ್‌ನಲ್ಲಿರುವ ನಿಮ್ಮ ಕೋಡ್ ರೇಡಿಯೋವನ್ನು ಎಬ್ಬಿಸಿ, ಇಪ್ಪತ್ತು ಮಿಲಿಸೆಕೆಂಡ್ ಕಾದು, ಸಂದೇಶವನ್ನು ಅದರ ಕೈಗೆ ಕೊಡುತ್ತದೆ. ಆ ಇಪ್ಪತ್ತನ್ನು ಅರವತ್ತು ಮಾಡಬೇಕೆಂದು ನಾನು ಕೇಳಿದ್ದೇನೆ. ವಿಶ್ವಾಸಾರ್ಹತೆ ಹೆಚ್ಚುತ್ತದೆ ಎಂಬ ಕಾರಣವನ್ನೂ ಕೊಟ್ಟಿದ್ದೇನೆ.

ಅವಸರ ಯಾಕೆಂದು ಕೇಳಿದ್ದಿರಿ. ಮಳೆಗಾಲದ ಟ್ರಾಲಿಂಗ್ ಮೀನುಗಾರಿಕೆಯ ನಿಷೇಧ ಮೊನ್ನೆ ಶುರುವಾಯಿತು, ಜುಲೈ ಮೂವತ್ತೊಂದಕ್ಕೆ ಮುಗಿಯುತ್ತದೆ. ಆಮೇಲೆ ಸಾವಿರಾರು ದೋಣಿಗಳು ಒಟ್ಟಿಗೆ ಕಡಲಿಗಿಳಿಯುತ್ತವೆ. ನೀವು ಒಪ್ಪದ ಕೋಡನ್ನು ಪೆಟ್ಟಿಗೆಗಳಿಗೆ ಹಾಕುವ ಹಕ್ಕು ನಮಗಿಲ್ಲ.

ಇಂತಿ,
ಶಾಲಿನಿ


ಪೇರೂರ್ಕಡ, ತಿರುವನಂತಪುರ
17 ಜೂನ್ 2025

ಶಾಲಿನಿಯವರೇ,

ಪತ್ರ ಬಂತು. ಅಂಚೆಯ ಮೊಹರು ಕಾಕ್ಕನಾಡಿನದ್ದೇ. ನೀವು ಮನುಷ್ಯರು ಎಂದು ಒಪ್ಪಿದೆ. ಪ್ರಾಮಾಣಿಕರು ಎಂದು ಒಪ್ಪುವುದಕ್ಕೆ ಇನ್ನೂ ಸಮಯ ಉಂಟು.

ನನ್ನ ಹೆಂಡತಿ ಸುಶೀಲ ನಿಮ್ಮ ಪತ್ರ ಓದಿ, “ಪಾಪ ಮಾರಾಯ್ರೆ, ಮಗಳ ಹೆಸರನ್ನೂ ಬರೆದಿದ್ದಾಳೆ. ನಿಮಗೆ ಹಾಲು ತರುವವನ ಮೇಲೂ ಸಂಶಯ” ಎಂದಳು. ನಾನು ಹೇಳಿದೆ, ಮೋಸ ಮಾಡುವವನೇ ಮಗಳ ಹೆಸರು ಮೊದಲು ಬರೆಯುವುದು. ಅವಳು ಒಳಗೆ ಹೋದಳು.

ನಿವೃತ್ತನಾಗಿ ಆರು ವರ್ಷವಾಯಿತು. ಈ ಕೋಡನ್ನು ಕಾಯುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ಈ ಕಾಲದಲ್ಲಿ ಬಾಗಿಲು ಒಡೆದು ಬರುವ ಕಳ್ಳರಿಗಿಂತ, ಒಂದೇ ಸಾಲಿನ ಪ್ಯಾಚ್ ಹಿಡಿದು ವಿನಯದಿಂದ ಬಾಗಿಲು ತಟ್ಟುವವರ ಬಗ್ಗೆ ನನಗೆ ಹೆಚ್ಚು ಭಯ.

ನಿಯಮ ಒಂದನ್ನು ತಿಳಿದಿರಿ. ಈ ಪತ್ರಗಳಲ್ಲಿ ನಾನು ಪರೀಕ್ಷಿಸುವುದು ನಿಮ್ಮನ್ನು. ಪ್ಯಾಚಿನ ಕಾರಣ ಎಲ್ಲರಿಗೂ ಕಾಣುವ ಇ-ಮೇಲ್ ಲಿಸ್ಟಿನಲ್ಲೇ ಬರಬೇಕು. “ವಿಶ್ವಾಸಾರ್ಹತೆ” ಕಾರಣವಲ್ಲ, ಜಾಹೀರಾತು. ರೇಡಿಯೋ ತಯಾರಿಸಿದವರ ಡೇಟಾಶೀಟಿನಲ್ಲಿ ಅದು ಹೆಚ್ಚೆಂದರೆ ಇಪ್ಪತ್ತು ಮಿಲಿಸೆಕೆಂಡಿನಲ್ಲಿ ಏಳುತ್ತದೆ ಎಂದಿದೆ. ಅರವತ್ತು ಎಲ್ಲಿಂದ ಬಂತು? ಎಷ್ಟು ಪೆಟ್ಟಿಗೆಗಳನ್ನು, ಎಂಥ ಸ್ಥಿತಿಯಲ್ಲಿ ಅಳೆದಿರಿ?

ಹರಿನಾರಾಯಣ


ಕಾಕ್ಕನಾಡ್
21 ಜೂನ್ 2025

ಮಾನ್ಯ ಹರಿನಾರಾಯಣ ಅವರೇ,

ನಮ್ಮ ಲ್ಯಾಬಿನಲ್ಲಿ ನಲವತ್ತು ಪೆಟ್ಟಿಗೆಗಳನ್ನು ಅಳೆದಿದ್ದೇವೆ. ಹೊಸದರಲ್ಲಿ ರೇಡಿಯೋ ಹನ್ನೊಂದರಿಂದ ಹದಿನಾಲ್ಕು ಮಿಲಿಸೆಕೆಂಡಿನಲ್ಲಿ ಏಳುತ್ತದೆ. ಎರಡು ವರ್ಷ ಬಳಸಿದ ಕೆಲವು ಇಪ್ಪತ್ತೆರಡರವರೆಗೆ ಹೋದವು. ಅಂದರೆ ಡೇಟಾಶೀಟ್ ಹೇಳುವುದು ಪೂರ್ತಿ ಸರಿಯಲ್ಲ. ತಾನು ಎದ್ದಿದ್ದೇನೆ ಎಂದು ಹೇಳುವ ವ್ಯವಸ್ಥೆ ಆ ರೇಡಿಯೋದಲ್ಲಿ ಇಲ್ಲವೆಂದು ನಿಮಗೆ ಗೊತ್ತೇ ಇದೆ. ಕಾಯುವುದೊಂದೇ ದಾರಿ. ಎಲ್ಲ ಅಂಕಿಗಳನ್ನೂ ನಿನ್ನೆ ಲಿಸ್ಟಿಗೆ ಹಾಕಿದ್ದೇನೆ.

ಇಷ್ಟು ಬರೆದು ಪತ್ರ ಮುಗಿಸಬಹುದಿತ್ತು. ಆದರೆ ನೀವು ನನ್ನನ್ನು ಪರೀಕ್ಷಿಸುತ್ತಿರುವುದಾಗಿ ಹೇಳಿದ್ದೀರಿ. ಎರಡು ದಿನದಿಂದ ಆ ವಾಕ್ಯ ನನ್ನ ಜೊತೆ ಆಫೀಸಿಗೂ ಬರುತ್ತಿದೆ. ಮೀಟಿಂಗಿನಲ್ಲಿ ಯಾರೋ “ಶಾಲಿನಿ, ಇದು ಸಣ್ಣ ಚೇಂಜ್ ಅಲ್ಲವಾ, ಯಾಕಿಷ್ಟು ತಡ?” ಎಂದು ಕೇಳಿದರು. ತಿರುವನಂತಪುರದಲ್ಲಿ ಒಬ್ಬ ಹಟಮಾರಿ ಮುದುಕರಿದ್ದಾರೆ ಎಂದುಬಿಟ್ಟೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕ್ಯಾಬಿನಲ್ಲಿ ಮನೆಗೆ ಬರುವಾಗ ಮಾತ್ರ, ನಗಿಸುವ ಅಗತ್ಯ ನನಗೆ ಯಾಕಿತ್ತು ಎಂದು ನನ್ನನ್ನೇ ಕೇಳಿಕೊಂಡೆ.

ಇಷ್ಟು ಸಾಕೆಂದುಕೊಳ್ಳುತ್ತೇನೆ. ದಯವಿಟ್ಟು ಪ್ಯಾಚ್ ಒಪ್ಪಿ.

ಶಾಲಿನಿ


ಪೇರೂರ್ಕಡ
26 ಜೂನ್ 2025

ಶಾಲಿನಿಯವರೇ,

ಅಂಕಿಗಳನ್ನು ನೋಡಿದೆ. ಅಳತೆ ಚೊಕ್ಕವಾಗಿದೆ. ಅದಕ್ಕೇ ನನ್ನ ಸಂಶಯ ಹೆಚ್ಚಾಯಿತು.

ಇಪ್ಪತ್ತೆರಡನ್ನು ಕಂಡವರು ಇಪ್ಪತ್ತೈದು ಕೇಳುತ್ತಾರೆ. ಧೈರ್ಯ ಸಾಲದವರು ಮೂವತ್ತು ಕೇಳಬಹುದು. ಅರವತ್ತು ಕೇಳುವವರು ಐವತ್ತಕ್ಕಿಂತ ಹೆಚ್ಚಿನದನ್ನು ಎಲ್ಲೋ ಕಂಡಿದ್ದಾರೆ. ನೀವು ಕೊಟ್ಟ ನಲವತ್ತು ಸಾಲುಗಳ ಪಟ್ಟಿಯಲ್ಲಿ ಅದು ಇಲ್ಲ. ನಲವತ್ತೊಂದನೆಯ ಪೆಟ್ಟಿಗೆ ಎಲ್ಲಿ?

ಇನ್ನೊಂದು. ದೋಷ ಸರಿಪಡಿಸುವ ಪ್ಯಾಚಿನ ಕೆಳಗೆ ಆ ದೋಷವನ್ನು ಮೊದಲು ತಿಳಿಸಿದವರ ಹೆಸರನ್ನು ಬರೆಯುವುದು ನಮ್ಮಲ್ಲಿ ಪದ್ಧತಿ. ಕೋಡ್ ಬದಲಾದರೂ ಆ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ನಿಮ್ಮ ಪ್ಯಾಚಿನಲ್ಲಿ ಆ ಸಾಲು ಇಲ್ಲ. ಕುರ್ಚಿಯಲ್ಲಿ ಕುಳಿತವರ ಕಣ್ಣಿಗೆ ಇಂಥ ದೋಷ ತಾನಾಗಿ ಬೀಳುವುದಿಲ್ಲ. ಯಾರೋ ಬಂದು, “ಇದು ಕೆಲಸ ಮಾಡಲಿಲ್ಲ” ಎಂದಿರಬೇಕು. ಅದು ಯಾರು?

ಹಟಮಾರಿ ಎಂದದ್ದಕ್ಕೆ ಬೇಸರವಿಲ್ಲ. ಮುದುಕ ಎಂದದ್ದಕ್ಕೆ ಸುಶೀಲ ಇಡೀ ದಿನ ನಗುತ್ತಿದ್ದಳು.

ಹರಿನಾರಾಯಣ


ಕಾಕ್ಕನಾಡ್
4 ಜುಲೈ 2025

ಹರಿನಾರಾಯಣ ಅವರೇ,

ಈಗ ಅನುಮಾನಪಡುವ ಸರದಿ ನನ್ನದು.

ಪ್ರತಿ ಸಾಲನ್ನೂ ಯಾರು, ಯಾವಾಗ ಬರೆದರು ಎಂಬುದನ್ನು ಕೋಡೇ ತೋರಿಸುತ್ತದಲ್ಲ. ಇಪ್ಪತ್ತು ಎಂಬ ಸಾಲಿನ ಮುಂದೆ ಉಮಾಮಹೇಶ್ವರ ಎಂಬುವರ ಹೆಸರಿದೆ. ಎಂಟು ವರ್ಷ ಹಳೆಯದು. ನಿಮ್ಮ ಶಿಷ್ಯರೆಂದು ತಿಳಿಯಿತು. ಶಿಷ್ಯನ ಮಾನ ಕಾಪಾಡಲು ನನ್ನನ್ನು ಸತಾಯಿಸುತ್ತಿದ್ದೀರಿ ಎಂದುಕೊಂಡು ಲಿಸ್ಟಿನ ಹಳೆಯ ಸಂಗ್ರಹ ತೆರೆದೆ.

ಸಿಕ್ಕಿದ್ದು ಬೇರೆಯೇ. ಅವರು ಮೊದಲು ಕಳಿಸಿದ ಪ್ಯಾಚಿನಲ್ಲಿ ಇದ್ದದ್ದು ಅರವತ್ತು! ನೀವು ಯಾಕೆ ಎಂದು ಕೇಳಿದಿರಿ. “ಇಪ್ಪತ್ತು ಸಾಲದು ಅನಿಸುತ್ತದೆ ಸರ್” ಎಂದರು ಅವರು. “ಅನಿಸುವುದು ಕಾರಣವಲ್ಲ. ಬ್ಯಾಟರಿ ವ್ಯರ್ಥ. ಡೇಟಾಶೀಟ್ ನೋಡಿ” ಎಂದಿರಿ. ಮೂರು ಸಲ ವಾಪಸ್ ಕಳಿಸಿದಿರಿ. ನಾಲ್ಕನೆಯ ಸಲ ಅವರು ಇಪ್ಪತ್ತೆಂದು ಬರೆದರು, ನೀವು ಒಪ್ಪಿದಿರಿ.

ಅರವತ್ತು ಎಲ್ಲಿಂದ ಬಂತು ಎಂದು ನನ್ನನ್ನು ಕೇಳುವಾಗ ಇದು ನಿಮಗೆ ನೆನಪಿರಲಿಲ್ಲವೇ? ಇದ್ದೂ ಹೇಳದೆ ನನ್ನ ನಲವತ್ತೊಂದನೆಯ ಪೆಟ್ಟಿಗೆಯನ್ನು ಹುಡುಕುತ್ತಿದ್ದಿರಾ?

ಇದನ್ನು ಬರೆಯುವಾಗ ನನಗೆ ಸಮಾಧಾನವಾಗುತ್ತಿದೆ. ಅದು ಒಳ್ಳೆಯ ಬಗೆಯ ಸಮಾಧಾನವಲ್ಲ ಎಂಬುದೂ ತಿಳಿದಿದೆ. ಆದರೂ ಕಳಿಸುತ್ತೇನೆ.

ಶಾಲಿನಿ


ಪೇರೂರ್ಕಡ
9 ಜುಲೈ 2025

ಶಾಲಿನಿಯವರೇ,

ನೆನಪಿತ್ತು. ನಿಮ್ಮ ಮೊದಲ ಪ್ಯಾಚ್‌ನಲ್ಲಿ ಆ ಸಂಖ್ಯೆ ಕಂಡ ದಿನವೇ ನೆನಪಾಯಿತು. ಯಾರೋ ಹಳೆಯದನ್ನು ಕೆದಕಿ ನನ್ನನ್ನು ಅಣಕಿಸಲು ಅದೇ ಸಂಖ್ಯೆ ತಂದಿದ್ದಾರೆ ಎಂದು ನಾನು ತಿಳಿದದ್ದು. ನಿಮ್ಮ ಕನ್ನಡವನ್ನು ನಂಬದೆ ಇದ್ದದ್ದು ಅದಕ್ಕೇ.

ಉಮಾಮಹೇಶ್ವರ ಆಮೇಲೆ ಒಂದು ಪ್ಯಾಚನ್ನೂ ಕಳಿಸಲಿಲ್ಲ. ಕಾರಣ ಕೇಳಿದ್ದು ನನ್ನ ಕೆಲಸ, ಅದರಲ್ಲಿ ತಪ್ಪು ಕಾಣುವುದಿಲ್ಲ. ಅವನಿಗೆ ಹೇಳಲು ಬಾರದೆ ಇದ್ದಾಗ, ಕಾರಣವೇ ಇಲ್ಲ ಎಂದು ತಿಳಿದದ್ದು ತಪ್ಪು. ಒಂದು ದಿನ ಅವನ ಮೇಜಿನ ಹತ್ತಿರ ಹೋಗಿ, ಏನು ಕಂಡೆ ಮಾರಾಯ ಎಂದು ಕೇಳಬಹುದಿತ್ತು. ಅವನ ಮೇಜು ನನ್ನ ಕೋಣೆಯಿಂದ ಇಪ್ಪತ್ತು ಹೆಜ್ಜೆ ದೂರ.

ಆದರೆ ನನ್ನ ತಪ್ಪನ್ನು ತೋರಿಸಿ ನೀವು ನನ್ನ ಪ್ರಶ್ನೆಯಿಂದ ಪಾರಾಗುವ ಹಾಗಿಲ್ಲ. ಎಂಟು ದಿನ ನನ್ನ ಹಳೆಯ ಕಾಗದಗಳಲ್ಲಿ ಹುಡುಕಿದಿರಿ. ಕೇಳಿದ್ದಕ್ಕೆ ಉತ್ತರಿಸಲು ಎಂಟು ನಿಮಿಷ ಸಾಕಿತ್ತು.

ಮೂವತ್ತೊಂದಕ್ಕೆ ಇನ್ನು ಇಪ್ಪತ್ತೆರಡು ದಿನ ಉಂಟು. ಏನು ಕಂಡಿರಿ?

ಹರಿನಾರಾಯಣ


ಕಾಕ್ಕನಾಡ್
15 ಜುಲೈ 2025

ಹರಿನಾರಾಯಣ ಅವರೇ,

ಐವತ್ತೆರಡು. ನಾನು ಕಂಡದ್ದು ಐವತ್ತೆರಡು.

ಮಾರ್ಚಿನಲ್ಲಿ ಮುನಂಬ ಬಂದರಿನಿಂದ ಹೊರಟ ಒಂದು ಸಣ್ಣ ದೋಣಿಯ ಎಂಜಿನ್ ಕೆಟ್ಟು, ಅದು ಗಾಳಿಗೆ ಸಿಕ್ಕಿ ದೂರ ಹೋಯಿತು. ಅದರಲ್ಲಿ ಇಬ್ಬರಿದ್ದರು, ವಿನ್ಸೆಂಟ್ ಮತ್ತು ಇಸ್ಮಾಯಿಲ್. ಮೂರನೆಯ ದಿನ ಬೇರೊಂದು ದೋಣಿಯವರು ಕಂಡಾಗ ವಿನ್ಸೆಂಟ್ ಬದುಕಿದ್ದ. ಇಸ್ಮಾಯಿಲ್ ಹಿಂದಿನ ದಿನವೇ ತೀರಿಕೊಂಡಿದ್ದ. ಬಟನ್ ಒತ್ತಿದೆವು, ಯಾರೂ ಬರಲಿಲ್ಲ ಎಂದು ವಿನ್ಸೆಂಟ್ ಹೇಳಿದ. ಪೆಟ್ಟಿಗೆ ನಮ್ಮ ಲ್ಯಾಬಿಗೆ ಬಂತು.

ಸಂದೇಶಗಳ ದಾಖಲೆ ಇರುವುದು ರೇಡಿಯೋದ ನೆನಪಿನಲ್ಲಿ. ಅದರಲ್ಲಿ ಏನೂ ಇರಲಿಲ್ಲ. ಪೆಟ್ಟಿಗೆಯ ಬ್ಯಾಟರಿಯನ್ನು ಕಳಚಿ ಬದಿಗಿಟ್ಟು, ಎಲ್ಲ ಲ್ಯಾಬುಗಳಲ್ಲೂ ಮಾಡುವಂತೆ ಮೇಜಿನ ಮೇಲಿನ ಕರೆಂಟಿನಲ್ಲಿ ಓಡಿಸಿದಾಗ, ಬಟನ್ ಒತ್ತಿದೊಡನೆ ಸಂದೇಶ ಹೋಯಿತು. “ಉಪಕರಣ ಸುಸ್ಥಿತಿಯಲ್ಲಿದೆ, ಬಟನ್ ಒತ್ತಲಾಗಿಲ್ಲ” ಎಂಬ ವರದಿ ಕಂಪನಿಯಿಂದ ಮೀನುಗಾರಿಕಾ ಇಲಾಖೆಗೆ ಹೋಯಿತು. ವಿನ್ಸೆಂಟ್ ಕುಡಿದು ಮಲಗಿದ್ದ, ಅವನಿಂದ ಇಸ್ಮಾಯಿಲ್ ಸತ್ತ ಎಂದು ಹಾರ್ಬರಿನಲ್ಲಿ ಮಾತಾಯಿತು. ಅವನನ್ನು ಈಗ ಯಾರೂ ದೋಣಿಗೆ ಕರೆಯುವುದಿಲ್ಲವಂತೆ.

ಮೇ ತಿಂಗಳಲ್ಲಿ ಹಳೆಯ ಪೆಟ್ಟಿಗೆಗಳನ್ನು ವಿಲೇವಾರಿ ಮಾಡುವಾಗ ಇದು ಕೈಗೆ ಬಂತು. ಉಪ್ಪು ಹಿಡಿದ ಅದರ ಸ್ವಂತ ಬ್ಯಾಟರಿ ಅಲ್ಲೇ ಚೀಲದಲ್ಲಿತ್ತು. ಯಾಕೋ ಅದನ್ನೇ ಜೋಡಿಸಿ ಒತ್ತಿದೆ. ಏನೂ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಅಳೆದು ನೋಡಿದರೆ, ಆ ದುರ್ಬಲ ಬ್ಯಾಟರಿಯಲ್ಲಿ ರೇಡಿಯೋ ಏಳಲು ಐವತ್ತೆರಡು ಮಿಲಿಸೆಕೆಂಡ್ ಬೇಕು. ಇಪ್ಪತ್ತಕ್ಕೇ ಕೋಡ್ ಸಂದೇಶ ಕೊಟ್ಟು, ಬ್ಯಾಟರಿ ಉಳಿಸಲು ಅದನ್ನು ಮತ್ತೆ ಮಲಗಿಸಿಬಿಡುತ್ತದೆ. ಎಷ್ಟು ಸಲ ಒತ್ತಿದರೂ ಅಷ್ಟೇ. ನಿದ್ದೆಯಲ್ಲಿದ್ದಾಗ ಬಂದದ್ದು ರೇಡಿಯೋದ ನೆನಪಿನಲ್ಲಿ ಇರುವುದಿಲ್ಲ. ಒತ್ತಿಲ್ಲ ಎಂಬುದಕ್ಕೂ ಒತ್ತಿ ವಿಫಲವಾಯಿತು ಎಂಬುದಕ್ಕೂ ದಾಖಲೆಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಕೋಡ್ ಸರಿಯಾದರೆ ಸಾಕು, ಉಳಿದದ್ದನ್ನು ಯಾಕೆ ಎಬ್ಬಿಸಬೇಕು ಎಂದುಕೊಂಡಿದ್ದೆ. ಇದನ್ನು ಲಿಸ್ಟಿನಲ್ಲಿ ಬರೆಯಲು ಕಂಪನಿ ಬಿಡುವುದಿಲ್ಲ. ಈಗ ನಿಮಗೆ ಗೊತ್ತಾಯಿತಲ್ಲ. ಒಪ್ಪಬಹುದಲ್ಲ?

ಶಾಲಿನಿ


ಪೇರೂರ್ಕಡ
18 ಜುಲೈ 2025

ಶಾಲಿನಿಯವರೇ,

ಒಪ್ಪುವುದಿಲ್ಲ. ನನಗೆ ಗೊತ್ತಾದರೆ ಸಾಲದು. ನನ್ನ ನಂತರ ಇಲ್ಲಿ ಕೂರುವವನಿಗೆ ಕಾರಣ ತಿಳಿಯದಿದ್ದರೆ, ಬ್ಯಾಟರಿ ಉಳಿಸಲು ಅವನು ಮತ್ತೆ ಇಪ್ಪತ್ತು ಮಾಡುತ್ತಾನೆ. ಅಂಥವನೊಬ್ಬನ ಪರಿಚಯ ನನಗುಂಟು.

ದೋಷವನ್ನು ಮೊದಲು ತಿಳಿಸಿದವನು ವಿನ್ಸೆಂಟ್. ಅವನ ಹೆಸರು ಬರಬೇಕು. ಅದಕ್ಕೆ ಅವನ ಒಪ್ಪಿಗೆ ಬೇಕು. ಇದು ನಿಯಮ. ಹೋಗಿ ಕೇಳಿ.

ಆ ವರದಿ “ಕಂಪನಿಯಿಂದ ಹೋಯಿತು” ಎಂದು ಬರೆದಿದ್ದೀರಿ. ವರದಿಗೆ ಕಾಲಿಲ್ಲ. ಸಹಿ ಯಾರದು?

ಹರಿನಾರಾಯಣ


ಕಾಕ್ಕನಾಡ್
27 ಜುಲೈ 2025

ಹರಿನಾರಾಯಣ ಅವರೇ,

ಸಹಿ ನನ್ನದು. ನಿಮಗೆ ಹೇಳುವ ಮೊದಲು ವಿನ್ಸೆಂಟ್‌ಗೆ ಹೇಳಬೇಕು ಅನಿಸಿತು. ಅದಕ್ಕೇ ಇಷ್ಟು ದಿನ ತಡವಾಯಿತು. ಈ ಮಾತು ಪೂರ್ತಿ ನಿಜವಲ್ಲ. ಮೂರು ದಿನ ಮುನಂಬಕ್ಕೆ ಹೋಗದಿರಲು ನೆಪ ಹುಡುಕಿದೆ.

ಶನಿವಾರ ಗುರುಕಿರಣ್ ಕಾರಿನಲ್ಲಿ ಬಿಟ್ಟರು. ವಿನ್ಸೆಂಟ್ ಅಂಗಳದಲ್ಲಿ ಕೂತು ಬೇರೆ ಯಾರದೋ ಬಲೆ ರಿಪೇರಿ ಮಾಡುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಅವನ ಹೆಸರನ್ನು ವರದಿಯಲ್ಲಿ ಆರು ಕಡೆ ಬರೆದಿದ್ದೆ. ಮುಖ ನೋಡಿದ್ದು ಇದೇ ಮೊದಲು.

ನನ್ನ ಹರಕುಮುರುಕು ಮಲಯಾಳದಲ್ಲಿ ಎಲ್ಲವನ್ನೂ ಹೇಳಿದೆ. ಬಟನ್ ಒತ್ತಿಲ್ಲ ಎಂದು ಬರೆದವಳು ನಾನು, ಬರೆದದ್ದು ತಪ್ಪು, ನೀವು ಹೇಳಿದ್ದು ನಿಜ ಎಂದೆ. ಅವನು ಬಲೆಯಿಂದ ಕಣ್ಣೆತ್ತಲಿಲ್ಲ.

“ಓಹೋ, ಆ ಮೇಡಂ ನೀವೇನಾ? ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದಿದ್ದೀರಂತೆ. ನನ್ನ ಮಗಳು ಓದಿ ಹೇಳಿದಳು. ಓದುವಾಗ ಅತ್ತಳು.”

ನಿಮ್ಮ ಹೆಸರನ್ನು ಕೋಡಿನ ಚರಿತ್ರೆಯಲ್ಲಿ ಹಾಕಲು ಅನುಮತಿ ಕೊಡುತ್ತೀರಾ ಎಂದು ಕೇಳಿದೆ. ಕೇಳುವಾಗಲೇ ಅದೆಷ್ಟು ಹಗುರವಾದ ವಸ್ತು ಎನಿಸಿ ನಾಚಿಕೆಯಾಯಿತು.

“ನನ್ನದು ಯಾಕೆ? ಒತ್ತಿದ್ದು ನಾನಲ್ಲ. ನಾನು ಎಂಜಿನ್ ಬಿಚ್ಚಿಕೊಂಡು ಕೂತಿದ್ದೆ. ಒತ್ತಿದ್ದು ಇಸ್ಮಾಯಿಲ್. ಒತ್ತಿದ, ಬೆರಳು ತೆಗೆಯದೆ ಹತ್ತು ಎಣಿಸಿದ, ಮತ್ತೆ ಒತ್ತಿದ. ಎರಡು ದಿನವೂ. ಕೊನೆಗೆ ನಾನೇ ಬೈದೆ, ಸಾಕು ಬಿಡೋ, ಅದು ಸತ್ತಿದೆ ಅಂತ. ಅವನು ಕೇಳಲಿಲ್ಲ.”

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದೆ. ಆಗ ತಲೆಯೆತ್ತಿದ.

“ಯಾರು ಒತ್ತಿದ್ದು ಅಂತ ನಿಮ್ಮಲ್ಲಿ ಯಾರು ಕೇಳಿದರು ಮೇಡಂ? ಒತ್ತಿಲ್ಲ ಅಂತ ನೀವೇ ಹೇಳಿಬಿಟ್ಟಿರಲ್ಲ.”

ಇಸ್ಮಾಯಿಲ್‌ನ ಹೆಂಡತಿಯ ಮನೆ ಎರಡು ಓಣಿ ಆಚೆ. ವಿನ್ಸೆಂಟ್ ಓಣಿಯ ತುದಿಯವರೆಗೆ ಬಂದು ನಿಂತುಬಿಟ್ಟ. ಮಾರ್ಚಿನಿಂದ ಅವನು ಆ ಬಾಗಿಲಿಗೆ ಹೋಗಿಲ್ಲವಂತೆ. ನಾನು ಒಬ್ಬಳೇ ಹೋದೆ.

ಆಕೆ ಒಂದು ಗ್ಲಾಸ್ ಹಾಲಿಲ್ಲದ ಕಟ್ಟನ್‌ಚಾಯ ಕೊಟ್ಟು ಎದುರಿಗೆ ಕೂತಳು. ಆಕೆಗೂ ಎಲ್ಲವನ್ನೂ ಹೇಳಿದೆ. ಬಳಿಕ ಕೇಳಿದಳು, “ಅವರ ಹೆಸರು ಬರೆದ ಮೇಲೆ ಯಾರಾದರೂ ಅಳಿಸಬಹುದಾ?”

ಇಲ್ಲ, ನಾನೂ ಅಳಿಸುವ ಹಾಗಿಲ್ಲ, ನಮ್ಮ ಕಂಪನಿಯೂ ಅಳಿಸುವ ಹಾಗಿಲ್ಲ ಎಂದೆ.

“ಬರೆಯಿರಿ.” ಮತ್ತೆ ಕೇಳಿದಳು, “ನಿಮ್ಮ ಆ ಇನ್ನೊಂದು ಕಾಗದ? ಅದನ್ನು ಅಳಿಸಬಹುದಾ?”

ಚಹಾ ಹಾಗೇ ಇತ್ತು. ಕುಡಿಯದಿದ್ದರೆ ಆಕೆಗೆ ಬೇಸರವಾದೀತೆಂದು ಕುಡಿದೆ, ಉತ್ತರ ಹೇಳುವುದನ್ನು ಮುಂದೂಡಲು ಕುಡಿದೆ. ಕೊನೆಗೆ, ಅಳಿಸಲಾಗುವುದಿಲ್ಲ, ಆದರೆ ಅದರ ಮೇಲೆ ತಪ್ಪು ಎಂದು ಬರೆಯಬಹುದು, ಬರೆಯುತ್ತೇನೆ ಎಂದೆ.

ಹೊರಗೆ ಬಂದಾಗ ವಿನ್ಸೆಂಟ್ ಅಲ್ಲೇ ಇದ್ದ. ಆಕೆ ಬಾಗಿಲಿಗೆ ಬಂದು ಅವನನ್ನು ನೋಡಿದಳು. “ಅಲ್ಲಿ ಯಾಕೆ ನಿಂತಿದ್ದೀರಿ, ಚೇಟಾ?” ಎಂದು ಅಣ್ಣನನ್ನು ಕರೆಯುವಂತೆ ಕೇಳಿದಳು, ಅಷ್ಟೇ. ಅವನು ಹೋದನೋ ಇಲ್ಲವೋ ನಾನು ನಿಂತು ನೋಡಲಿಲ್ಲ. ನೋಡುವುದು ನನ್ನ ಹಕ್ಕಲ್ಲ ಅನಿಸಿತು.

ಇವತ್ತು ಭಾನುವಾರ. ಬೆಳಿಗ್ಗೆ ನನ್ನ ವರದಿ ತಪ್ಪೆಂದು ಇಲಾಖೆಗೂ ಕಂಪನಿಗೂ ಸಹಿ ಹಾಕಿ ಕಳಿಸಿದೆ. ಪ್ಯಾಚಿನ ಹೊಸ ಆವೃತ್ತಿ ಲಿಸ್ಟಿಗೆ ಹೋಗಿದೆ. ಐವತ್ತೆರಡು, ಬ್ಯಾಟರಿ, ಮೇಜಿನ ಕರೆಂಟು, ನನ್ನ ಹೆಸರು ಎಲ್ಲವೂ ಅದರಲ್ಲಿದೆ. ದೋಷ ತಿಳಿಸಿದವರು: ಇಸ್ಮಾಯಿಲ್, ಮುನಂಬ. ನಾಳೆ ನನ್ನ ಪಾಸಿಗೆ ಆಫೀಸಿನ ಗೇಟು ತೆರೆಯುತ್ತದೋ ಇಲ್ಲವೋ ತಿಳಿಯದು.

ಇನ್ನು ಅನುಮಾನಪಡಲು ನಿಮ್ಮ ಹತ್ತಿರ ಏನಾದರೂ ಉಳಿದಿದೆಯೇ?

ಶಾಲಿನಿ


ಪೇರೂರ್ಕಡ
30 ಜುಲೈ 2025

ಶಾಲಿನಿಯವರೇ,

ಉಳಿದಿದೆ.

ನಿಮ್ಮ ಪ್ಯಾಚನ್ನು ಸೋಮವಾರವೇ ಒಂದು ಅಕ್ಷರ ಬದಲಿಸದೆ ಒಪ್ಪಿದೆ. ಲಿಸ್ಟಿನಲ್ಲಿ ನೀವು ನೋಡಿರುತ್ತೀರಿ. ಆಮೇಲೆ ನಾನು ಮಾಡಿದ್ದು ಯಾಕೆ ಎಂಬುದನ್ನು ನಿಮಗೆ ಕೈಯಲ್ಲೇ ಬರೆದು ತಿಳಿಸಬೇಕು ಅನಿಸಿತು.

ನೀವು ಐವತ್ತೆರಡನ್ನು ಕಂಡದ್ದು ಒಂದೇ ಪೆಟ್ಟಿಗೆಯಲ್ಲಿ. ಅದು ಮರಳಿ ಬಂದ ದೋಣಿಯ ಪೆಟ್ಟಿಗೆ. ಈ ಎಂಟು ವರ್ಷಗಳಲ್ಲಿ ಎಷ್ಟೋ ದೋಣಿಗಳು ಮರಳಿ ಬಂದಿಲ್ಲ. ಅವುಗಳಲ್ಲೂ ಯಾರೋ ಒತ್ತಿರಬಹುದು. ಆ ಪೆಟ್ಟಿಗೆಗಳ ರೇಡಿಯೋಗಳು ಏಳಲು ಎಷ್ಟು ಹೊತ್ತು ತೆಗೆದುಕೊಂಡವು ಎಂದು ಅಳೆಯಲು ಅವು ನಿಮ್ಮ ಲ್ಯಾಬಿಗೂ ಬರುವುದಿಲ್ಲ, ನನ್ನ ಮೇಜಿಗೂ ಬರುವುದಿಲ್ಲ. ಅರವತ್ತು ಸಾಕು ಎಂದು ನೀವು ಹೇಗೆ ಹೇಳುತ್ತೀರಿ?

ಹಾಗಾಗಿ ನಿಮ್ಮ ಸಾಲಿನ ಮೇಲೆ ನನ್ನದೊಂದು ಸಾಲು ಸೇರಿಸಿ ನೂರೈವತ್ತು ಮಾಡಿದ್ದೇನೆ. ಬ್ಯಾಟರಿ ಬೇಗ ಮುಗಿಯುತ್ತದೆ. ಮುಗಿಯಲಿ. ನಿನ್ನೆ ಸಂಜೆಯಿಂದ ಪೆಟ್ಟಿಗೆಗಳಿಗೆ ಅದೇ ಹೋಗುತ್ತಿದೆ.

ಇವತ್ತು ಬೆಳಿಗ್ಗೆ ಲಿಸ್ಟಿನಲ್ಲಿ ಒಬ್ಬರು ಕೇಳಿದರು, ನೂರೈವತ್ತೇ ಯಾಕೆ, ನೂರು ಯಾಕಲ್ಲ, ಕಾರಣ ಎಲ್ಲಿ ಎಂದು. ಸರಿಯಾದ ಪ್ರಶ್ನೆ. ಹತ್ತೊಂಬತ್ತು ವರ್ಷ ನಾನು ಎಲ್ಲರಿಗೂ ಅದನ್ನೇ ಕೇಳಿದ್ದೇನೆ.

ಕಾರಣ ಬರೆಯುವ ಜಾಗದಲ್ಲಿ “ಎಷ್ಟು ಬೇಕೆಂದು ನಮಗೆ ತಿಳಿಯದು” ಎಂದು ಬರೆದು ಸಹಿ ಹಾಕಿದೆ.

ಹರಿನಾರಾಯಣ